ಕೀಲಿ ತೆಗೆದ ಮೇಲೂ ಹರಿಯುವ ಕರೆಂಟು

ಡೋಣಿ
೧೨ ಜೂನ್ ೨೦೨೫

ಅಪ್ಪನವರಿಗೆ,

ತೀರ್ಥರೂಪರು, ಸಾಷ್ಟಾಂಗ, ಕ್ಷೇಮ ಎಂದೆಲ್ಲ ಬರೆಯಲು ಕೈ ಬರಲಿಲ್ಲ. ಹಾಗಂತ ಬರೆಯದೆ ಇರುವಂತೆಯೂ ಇಲ್ಲ, ಕೆಲಸ ಬಿದ್ದಿದೆ. ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಮೂವತ್ತು ವರ್ಷ ಮಂದಿಯ ಗಾಡಿಯ ವೈರಿಂಗು ರಿಪೇರಿ ಮಾಡುತ್ತ ಹಾರ್ನಿಗೆ ಕಿವಿ ಕೊಟ್ಟು ನಿಂತದ್ದರ ಫಲ. ತಮ್ಮ ವೀರೂನ ಮೊಬೈಲಿಗೆ ಕಳಿಸಿದರೆ ಅವನು ಮೊದಲು ಓದಿ, ತನಗೆ ಬೇಕಾದಷ್ಟನ್ನು ನಿಮಗೆ ಹೇಳುತ್ತಾನೆ. ಹಳ್ಳಿ ಹಳ್ಳಿಗೆ ಟಪಾಲು ಹಂಚುವವಳು ನಾನು. ನನ್ನ ಮಾತೂ ಟಪಾಲಿನಲ್ಲೇ ಬರಲಿ.

ಹೋದ ತಿಂಗಳು ವೀರೂ ಬಂದು ನಿಮ್ಮ ಹಳೆಯ ಗಾಡಿ ಬಿಟ್ಟು ಹೋದ. "ಅಪ್ಪ ತಾನ ಕುಂತು ಹೊಸಾ ವೈರಿಂಗ್ ಮಾಡ್ಯಾನವಾ, ಹತ್ತು ವರ್ಷ ಕೈ ಹಚ್ಚೂದು ಬ್ಯಾಡ" ಅಂದ. ಬೇಡ ಅನ್ನಬೇಕಿತ್ತು ನಾನು. ಆದರೆ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಗುಡ್ಡದ ಬುಡದ ಏರು ಹತ್ತಿ ಹತ್ತಿ ಮೊಣಕಾಲು ಸೋತಿದ್ದವು. ಇಟ್ಟುಕೊಂಡೆ. ಅಪ್ಪನೂ ಬದಲಾಗಿರಬಹುದೇನೋ ಅಂತ ಒಂದು ಗಳಿಗೆ ಅನಿಸಿದ್ದೂ ಖರೆ.

ಈಗ ತೊಂದರೆ ಏನೆಂದರೆ, ಬೆಳಿಗ್ಗೆ ಸೆಲ್ಫ್ ಒತ್ತಿದರೆ ಗಾಡಿ ಕಟ್ ಕಟ್ ಅನ್ನುತ್ತದೆ, ಚಾಲೂ ಆಗುವುದಿಲ್ಲ. ಹಾರ್ನ್ ಶೀತ ಹಿಡಿದ ಕುರಿಯಂತೆ ಕೂಗುತ್ತದೆ. ಎರಡು ದಿನ ತೆಗೆಯದೆ ಬಿಟ್ಟರೆ ಬ್ಯಾಟರಿ ಪೂರ್ತಿ ಸತ್ತಿರುತ್ತದೆ. ಕಿಕ್ ಹೊಡೆದು ಸ್ವಲ್ಪ ಓಡಿಸಿದರೆ ಮತ್ತೆ ಎಲ್ಲ ಸರಿ. ಏನು ಮಾಡಬೇಕು, ಬರೆಯಿರಿ.

ಇನ್ನೊಂದು ಮಾತು. ಅವ್ವ ಎಲ್ಲಿದ್ದಾಳೆ ಅಂತ ಮಾತ್ರ ಕೇಳಬೇಡಿ. ಅವಳು ನಿಮ್ಮ ಮನೆ ಬಿಟ್ಟು ಹದಿನಾಲ್ಕು ತಿಂಗಳಾಯಿತು. ಆ ಊರಿನ ಹೆಸರು ನನ್ನೊಬ್ಬಳಿಗೇ ಗೊತ್ತು. "ಅಂವಗ ಗೊತ್ತಾತಂದ್ರ ನಾ ಮತ್ತ ಗಂಟು ಕಟ್ಟಬೇಕಾಕ್ಕೈತಿ, ನೇತ್ರಾ" ಅಂತ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಈಗ ಅವಳು ಹೆದರಿಕೆ ಇಲ್ಲದೆ ಬಾಗಿಲು ತೆಗೆಯುತ್ತಾಳೆ, ಹಾಕುತ್ತಾಳೆ. ಅವಳು ಬಾಗಿಲು ತೆಗೆದರೆ ಯಾರ ಅಂಗಡಿಯಲ್ಲೂ ಕೆಂಪು ಬಲ್ಬು ಹತ್ತುವುದಿಲ್ಲ.

ಇಂತಿ,
ನೇತ್ರಾ


ಲಕ್ಷ್ಮೇಶ್ವರ
೧೯ ಜೂನ್ ೨೦೨೫

ನೇತ್ರವ್ವಾ,

ನಿನ್ನ ಕಾಗದ ಮುಟ್ಟಿತು. ತೀರ್ಥರೂಪ ಬರೀಲಿಲ್ಲಂತ ನನಗೇನು ಜ್ವರ ಬರೂದಿಲ್ಲ. ಏಳನೇತ್ತಕ್ಕ ಸಾಲಿ ಬಿಟ್ಟಾಂವ ನಾ, ನಿನ್ನಂಗ ಪುಸ್ತಕದ ಕನ್ನಡ ಬರೂದಿಲ್ಲ. ಮಾತಾಡಿದಂಗ ಬರೀತೇನಿ, ಓದ್ಕೋ.

ಮೊದಲ ಬ್ಯಾಟರಿಗೆ ತಂತಿ ಕುಂಡ್ರೂ ಜಾಗಾ ನೋಡು. ಬಿಳೇ ಪುಡಿ ಹಿಡದಿದ್ರ ಬಿಸಿನೀರು ಹಾಕಿ ಹಳೇ ಬ್ರಷ್‌ಲೇ ತಿಕ್ಕು, ಒರಸಿ ಗ್ರೀಸ್ ಹಚ್ಚು. ಬೋಲ್ಟ್ ಬಿಗಿ ಐತೇನಂತ ನೋಡು. ಅದು ಸಡ್ಲಾತಂದ್ರ ಎಂಥಾ ಗಾಡೀನೂ ಹುಚ್ಚರಂಗ ಮಾಡತೈತಿ. ಆಮ್ಯಾಲೆ ಮೀಟರ್ ತಗೋ. ನೀ ಹತ್ತನೇತ್ತ ಪಾಸಾದಾಗ ಹುಬ್ಬಳ್ಳಿಯಿಂದ ತಂದು ಕೊಟ್ಟಿದ್ದೆನಲ್ಲ, ಅದು. ಇಂಜಿನ್ ಚಾಲೂ ಇಟ್ಟು, ರೇಸ್ ಕೊಟ್ಟು, ಬ್ಯಾಟರಿ ಮ್ಯಾಲೆ ಹಿಡಿ. ಹದಿಮೂರೂವರಿಯಿಂದ ಹದಿನಾಕೂವರಿ ವೋಲ್ಟ್ ಒಳಗ ತೋರಸಬೇಕು. ಅದರಕಿಂತ ಕಮ್ಮಿ ಬಂದ್ರ ಚಾರ್ಜಿಂಗ್ ಇಲ್ಲಂತ ಅರ್ಥ, ರೆಕ್ಟಿಫೈಯರ್ ಕಳಸ್ತೇನಿ.

ಮತ್ತ, ಐತವಾರ ಗಾಡಿ ಎಷ್ಟು ದೂರ ಓಡಸ್ತಿ? ಬ್ಯಾಟರಿ ತುಂಬಾಕ ಒಂದ ಸವನ ಅರ್ಧಾ ತಾಸರೆ ಓಡಬೇಕು. ಯಾವ ದಾರಿ, ಎಷ್ಟು ಕಿಲೋಮೀಟರು, ಬರದ್ರ ನನಗ ಅಂದಾಜ ಹಚ್ಚಾಕ ಬರ್ತೈತಿ.

ನಿಮ್ಮವ್ವನ ನಾ ಕೇಳೂದಿಲ್ಲ. ಕೇಳಬ್ಯಾಡ ಅಂದಿ, ಆತು. ಆದ್ರ ಇಪ್ಪತ್ತಾರು ವರ್ಷ ಬಾಳೇ ಮಾಡಿದಾಕಿ, ಸಂತಿಗೆ ಹೋದಂಗ ಚೀಲ ಹಿಡಕೊಂಡು ಹೋಗಿಬಿಟ್ಲಲ್ಲ, ಅದು ಹೆಂಗಸರ ರೀತಿ ಏನು? ಓಣ್ಯಾಗ ಮಂದಿ ಕೇಳಿದ್ರ ತೌರಮನಿಗೆ ಹೋಗ್ಯಾಳ ಅಂತೇನಿ. ತೌರಮನ್ಯಾಗ ಒಂದು ನರಪಿಳ್ಳೀನೂ ಉಳದಿಲ್ಲ ಅನ್ನೂದು ಎಲ್ಲಾರಿಗೂ ಗೊತ್ತೈತಿ. ಹೂಂ ಅಂತಾರ, ಮುಂದ ಹೋಗಿ ನಗತಾರ. ಬಾಜಾರದಾಗ ತಲಿ ಎತ್ತದಂಗ ಮಾಡಿ ಹೋದ್ಲು ಕಸ್ತೂರಿ.

ಆ ಕೆಂಪು ಬಲ್ಬು ಕಳ್ಳರ ಸಲುವಾಗಿ ಹಾಕಿದ್ದು. ಎಷ್ಟು ಸಲ ಹೇಳಬೇಕು?

ನಿನ್ನ ಅಪ್ಪ,
ವಿರೂಪಾಕ್ಷಪ್ಪ


ಡೋಣಿ
೩೦ ಜೂನ್ ೨೦೨೫

ಅಪ್ಪನವರಿಗೆ,

ನೀವು ಬರೆದಂತೆ ಎಲ್ಲ ಮಾಡಿದೆ. ತಿಕ್ಕಿದೆ, ಗ್ರೀಸ್ ಹಚ್ಚಿದೆ, ಬಿಗಿ ಮಾಡಿದೆ. ಮೀಟರ್ ಹದಿನಾಲ್ಕು ಪಾಯಿಂಟ್ ಒಂದು ತೋರಿಸಿತು. ಅಂದರೆ ಚಾರ್ಜಿಂಗ್ ಇದೆ. ತುಂಬಿದ್ದು ನಿಲ್ಲುತ್ತಿಲ್ಲ, ಅದೇ ರೋಗ.

ಹೋದ ವಾರ ಒಂದು ಉಪಾಯ ಮಾಡಿದೆ. ಸಂಜೆ ಗಾಡಿ ನಿಲ್ಲಿಸಿ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟೆ. ಬೆಳಿಗ್ಗೆ ಜೋಡಿಸಿ ಸೆಲ್ಫ್ ಒತ್ತಿದರೆ ಒಂದೇ ಏಟಿಗೆ ಚಾಲೂ! ನಾಲ್ಕು ದಿನ ಹಾಗೇ ಮಾಡಿ ನೋಡಿದೆ, ನಾಲ್ಕೂ ದಿನ ಸರಿ. ಕೀಲಿ ತೆಗೆದು ಮಲಗಿದ ಮೇಲೂ ಯಾವುದೋ ಒಂದು ಬ್ಯಾಟರಿ ಕುಡಿಯುತ್ತಿದೆ ಅಂದಂತಾಯಿತು. ಇದು ನೀವೇ ಕಲಿಸಿದ ಪಾಠ. ನಿಮ್ಮ ವೈರಿಂಗಿನಲ್ಲಿ ಅಂಥದ್ದು ಏನಿದೆ, ಎಲ್ಲಿಂದ ಹುಡುಕಲಿ?

ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಿಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ಕಲಿತೆ. ಅಂಗಡಿಯಲ್ಲಿ ನೀವು ನನ್ನ ಮೇಲೆ ಒಂದು ದಿನವೂ ರೇಗಲಿಲ್ಲ. ರೇಗುವುದನ್ನೆಲ್ಲ ಒಳಗೆ ಅಡುಗೆಮನೆಗೆಂದು ಉಳಿಸಿಡುತ್ತಿದ್ದಿರಿ.

ಕಳ್ಳರು ಹೊರಗಿನಿಂದ ಬರುತ್ತಾರೆ ಅಪ್ಪಾ. ನಿಮ್ಮ ಬಲ್ಬು ಹತ್ತುತ್ತಿದ್ದದ್ದು ಅವ್ವ ಹೊರಗೆ ಹೋದಾಗ. ಬಾಗಿಲು ತೆರೆದರೆ ಅಂಗಡಿಯಲ್ಲಿ ಬಲ್ಬು ಹತ್ತಲೆಂದು ಹಿತ್ತಲ ಬಾಗಿಲಿನ ಸಂದಿಯಲ್ಲಿ ಬ್ರೇಕ್ ಲೈಟಿನ ಸ್ವಿಚ್ಚು ಕೂಡಿಸಿದ್ದಿರಿ. ಅವಳು ಪಕ್ಕದ ಹನಮವ್ವನ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಹೋದರೂ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಓಡಿ ಬರುತ್ತಿದ್ದಿರಿ, "ಎಲ್ಲಿ ಹೊಂಟಿದ್ದಿ?" ಅಂತ. ಉತ್ತರ ತಡವಾದರೆ ಕಪಾಳಕ್ಕೆ. ಕೊನೆಕೊನೆಗೆ ಅವ್ವ ಬಾಗಿಲ ಹತ್ತಿರ ಹೋಗುವುದನ್ನೇ ಬಿಟ್ಟಿದ್ದಳು. ಗಾಳಿಗೆ ಬಾಗಿಲು ಬಡಿದರೆ ಅವಳು ಒಲೆಯ ಮುಂದೆ ಕೂತಲ್ಲೇ ಬೆವರುವುದನ್ನು ನಾನು ನೋಡಿದ್ದೇನೆ.

ಭಾನುವಾರ ಎಲ್ಲಿಗೆ ಹೋಗುತ್ತೇನೆ, ಎಷ್ಟು ದೂರ ಎಂದು ಬರೆಯುವುದಿಲ್ಲ. ಅರ್ಧ ತಾಸಿಗಿಂತ ಹೆಚ್ಚು ಓಡುತ್ತದೆ. ನಿಮ್ಮ ಅಂದಾಜಿಗೆ ಅಷ್ಟು ಸಾಕು.

ನೇತ್ರಾ


ಲಕ್ಷ್ಮೇಶ್ವರ
೧೨ ಜುಲೈ ೨೦೨೫

ನೇತ್ರವ್ವಾ,

ತಂತಿ ಬಿಚ್ಚೂದು ಇವತ್ತ ಬಂದ್ ಮಾಡು. ದಿನಾ ಬಿಚ್ಚಿ ಹಾಕಿದ್ರ ಬೋಲ್ಟಿನ ಥ್ರೆಡ್ ಹೋಗತಾವ, ಕಿಡಿ ಹಾರಿ ಬ್ಯಾಟರಿ ಒಡದ್ರ ಯಾರು ಜವಾಬ್ದಾರಿ? ಏನೂ ಕುಡಿಯಾಕ ಹತ್ತಿಲ್ಲ ಅಲ್ಲಿ. ಬ್ಯಾಟರಿ ಮುದುಕ ಆಗೇತಿ, ಅಷ್ಟ. ಸುಮ್ಮನ ಇಲ್ಲದ್ದು ಹುಡುಕಬ್ಯಾಡ.

ಮುಂಡರಗಿ ಬಸ್ಸಿನ ಕಂಡಕ್ಟರ್ ಕೈಯಾಗ ಹೊಸಾ ಬ್ಯಾಟರಿ ಕೊಟ್ಟು ಕಳಿಸೇನಿ. ಮೊದಲಿಂದಕ್ಕಿಂತ ದೊಡ್ಡದೈತಿ. ಸ್ಟ್ಯಾಂಡಿನ್ಯಾಗ ಇಸಗೋ. ಹಳೇದು ತೆಗದು ಇದನ್ನ ಇಡು, ಎರಡು ಬೋಲ್ಟ್ ಬಿಗಿ, ಮುಗೀತು. ಹಿಂದಿನ ವೈರಿಂಗಿಗೆ ಕೈ ಹಚ್ಚಬ್ಯಾಡ, ನಾ ಕುಂತು ಕಟ್ಟಿದ್ದೈತಿ ಅದು. ಗ್ರೀಸ್ ಮಾತ್ರ ಜಾಸ್ತಿ ಹಚ್ಚು. ಹೊಳೀ ದಂಡಿ ಹವಾಕ್ಕ ಟರ್ಮಿನಲ್ ಜಲ್ದಿ ಹಸರ ಹಿಡಿತಾವ.

ಹೊಡದೇನಿ. ಇಲ್ಲಂತ ಯಾರಂದ್ರು? ನಮ್ಮಪ್ಪ ನಮ್ಮವ್ವಗ ಹೊಡೀಲಿಲ್ಲ? ಆಕಿ ಬಿಟ್ಟು ಹೋದ್ಲೇನು? ಗಂಡನ ಕೈ ಅಂದ್ರ ಬರೇ ಹೊಡಿಯೂದ ಅಲ್ಲ. ಆಕಿಗೆ ಟೈಫಾಯ್ಡ್ ಆದಾಗ ಇಪ್ಪತ್ತೊಂದು ದಿನ ಅಂಗಡಿ ಮುಚ್ಚಿ ಗಂಜಿ ಕುಡಿಸೀನಿ ಇದ ಕೈಲೇ. ಅದನ್ನ ಹೇಳ್ಯಾಳೇನು ನಿನ್ನ ಮುಂದ? ಹೇಳಿರೂದಿಲ್ಲ.

ಪಂಚಮಿಗೆ ಬಾ. ಉಂಡಿ ಕಟ್ಟಾವರು ಇಲ್ಲ, ಅಂಗಡಿಯಿಂದ ತರಸ್ತೇನಿ. ಮಗಳು ಪಂಚಮಿಗೆ ಬರಲಿಲ್ಲ ಅಂದ್ರ ಮಂದಿಗೆ ಅದೂ ಒಂದು ಮಾತಾಕ್ಕೈತಿ.

ನಿನ್ನ ಅಪ್ಪ,
ವಿರೂಪಾಕ್ಷಪ್ಪ


ಡೋಣಿ
೨ ಆಗಸ್ಟ್ ೨೦೨೫

ವಿರೂಪಾಕ್ಷಪ್ಪನವರಿಗೆ,

ಪಂಚಮಿಗೆ ಬರಲಿಲ್ಲ. ಬರದೆ ಇದ್ದದ್ದೇ ಒಳ್ಳೆಯದಾಯಿತು. ಈಗ ಬಂದಿದ್ದರೆ ನಿಮ್ಮ ಎದುರು ನಿಂತು ಏನೇನು ಅಂದುಬಿಡುತ್ತಿದ್ದೆನೋ!

ಹೊಸ ಬ್ಯಾಟರಿ ಚೆನ್ನಾಗಿಯೇ ನಡೆಯಿತು. ಮೂರು ದಿನ ಮಳೆ ಹತ್ತಿ ಗಾಡಿ ತೆಗೆಯಲಿಲ್ಲ ನೋಡಿ, ಅದೂ ಸತ್ತಿತು. ಏನು ಬರೆದಿದ್ದೀರೋ ಇನ್ನೊಮ್ಮೆ ಓದೋಣವೆಂದು ನಿಮ್ಮ ಕಾಗದ ತೆಗೆದೆ. ಹೊಳೀ ದಂಡಿ ಹವಾ ಅಂತ ಬರೆದಿದ್ದೀರಿ. ನಾನಿರುವುದು ಗುಡ್ಡದ ಬುಡದಲ್ಲಿ. ಡೋಣಿಗೆ ಎಲ್ಲಿಯ ಹೊಳೆ? ನಾನು ಹೊಳೆಯ ಹೆಸರನ್ನೇ ಎತ್ತಿರಲಿಲ್ಲ. ನಾನು ಹೊಳೆಯ ದಂಡೆಗೆ ಹೋಗುವುದು ಭಾನುವಾರ ಮಾತ್ರ.

ಕಾಗದ ಮಡಿಚಿಟ್ಟು ಗಾಡಿಯ ಹತ್ತಿರ ಹೋದೆ. ಆಮೇಲೆ, ನೀವು ಯಾವ ಪರೀಕ್ಷೆ ಮಾಡು ಅಂತ ಒಂದು ಕಾಗದದಲ್ಲೂ ಹೇಳಲಿಲ್ಲವೋ ಅದನ್ನು ಮಾಡಿದೆ. ಹಳೆಯ ಬ್ಯಾಟರಿ ಚಾರ್ಜ್ ಮಾಡಿಸಿ ತಂದು ಕೂಡಿಸಿ, ಕೀಲಿ ತೆಗೆದೆ. ನೆಗೆಟಿವ್ ತಂತಿಗೂ ಬ್ಯಾಟರಿಗೂ ನಡುವೆ ಮೀಟರ್ ಜೋಡಿಸಿದೆ. ಸೊನ್ನೆ ತೋರಿಸಬೇಕಾದಲ್ಲಿ ಅರವತ್ತು ಮಿಲಿ ಆಂಪಿಯರ್. ಫ್ಯೂಸ್ ಕಿತ್ತೆ. ಆಗಲೂ ಅರವತ್ತು! ಅಂದರೆ ಫ್ಯೂಸಿಗಿಂತ ಮೊದಲೇ, ಬ್ಯಾಟರಿಯ ಬಾಯಲ್ಲೇ ಯಾರೋ ತಂತಿ ಹಚ್ಚಿದ್ದಾರೆ. ಫ್ಯೂಸ್ ಹೋದರೂ ಅದು ನಿಲ್ಲಬಾರದು ಅಂತ.

ಸೀಟು ಬಿಚ್ಚಿ ತಂತಿಯ ಬೆನ್ನು ಹತ್ತಿದೆ. ಟೂಲ್ ಬಾಕ್ಸಿನ ಹಿಂದೆ ಬೆಂಕಿಪೊಟ್ಟಣದಷ್ಟು ಕರಿ ಪೆಟ್ಟಿಗೆ, ಅದರಲ್ಲಿ ಮಿಣುಕುವ ಹಸಿರು ದೀಪ, ಒಳಗೊಂದು ಸಿಮ್ಮು. ಲಾರಿ ಮಾಲಕರು ತಮ್ಮ ಲಾರಿ ಎಲ್ಲಿದೆಯೆಂದು ಮೊಬೈಲಿನಲ್ಲಿ ನೋಡಲು ಹಾಕಿಸುತ್ತಾರಲ್ಲ, ಅದೇ. ಮೇ ತಿಂಗಳಿಂದ ನಾನು ಅವ್ವನ ಮನೆಗೆ ಹೋದದ್ದನ್ನೆಲ್ಲ ವೀರೂನ ಮೊಬೈಲಿನಲ್ಲಿ ಕೂತು ನೋಡಿದ್ದೀರಿ.

ವೀರೂನೇ ಮಾಡಿರಬೇಕು, ನಿಮಗೆ ಗೊತ್ತಿರಲಿಕ್ಕಿಲ್ಲ ಅಂತ ನಂಬಲು ಹೆಣಗಿದೆ. ಆದರೆ ಆ ಜಾಯಿಂಟು! ಎಳೆಗಳನ್ನು ಎರಡಾಗಿ ಸೀಳಿ, ಜಡೆಯ ಹಾಗೆ ಹೆಣೆದು, ಬೆಸುಗೆ ಹಾಕಿ, ಮೇಲೆ ಮೇಣದ ದಾರ ಸುತ್ತಿದ ಜಾಯಿಂಟು. ಗದಗಿನಿಂದ ಶಿರಹಟ್ಟಿಯವರೆಗೆ ಹಾಗೆ ಕಟ್ಟುವವರು ಇನ್ನೊಬ್ಬರಿಲ್ಲ. ಬೇರೆ ಯಾರಾದರೂ ಆಗಿದ್ದರೆ ಎರಡು ತಂತಿ ಹೊಸೆದು ಟೇಪು ಸುತ್ತಿ ಬಿಡುತ್ತಿದ್ದರು, ನಾನು ಇನ್ನೊಬ್ಬರ ಮೇಲೆ ಸಂಶಯ ಪಟ್ಟುಕೊಂಡು ಸಾಯುತ್ತಿದ್ದೆ. ಕಳ್ಳಕೆಲಸವನ್ನೂ ಕೆಟ್ಟದಾಗಿ ಮಾಡಲು ನಿಮ್ಮ ಕೈಗೆ ಬರಲಿಲ್ಲ.

ಥೂ! ಮಗಳ ಮೊಣಕಾಲು ನೋವನ್ನೂ ಬಳಸಿಕೊಂಡಿರಲ್ಲ ನೀವು.

ತಂತಿ ಕತ್ತರಿಸಿದೆ. ಇನ್ನು ಒಂದೇ ಪ್ರಶ್ನೆ. ಅವ್ವ ಇರುವ ಕೊರ್ಲಹಳ್ಳಿಗೆ ಹೋಗಿದ್ದಿರಾ? ಹೌದು, ಇಲ್ಲ, ಇಷ್ಟು ಬರೆಯಿರಿ. ಅವ್ವನಿಗೆ ನಾನಿನ್ನೂ ಹೇಳಿಲ್ಲ. ಹೇಳಿದರೆ ನಿಂತ ಕಾಲಲ್ಲಿ ಮನೆ ಬಿಡುತ್ತಾಳೆ. ಅಲ್ಲಿ ದಾವಲಬಿ ಅನ್ನುವವರ ಜೊತೆ ಕೌದಿ ಹೊಲಿಯುತ್ತ, ಒಂದು ಕೋಣೆ ಮಾಡಿಕೊಂಡು, ಈಗಷ್ಟೇ ಮೈಗೆ ಅನ್ನ ಹತ್ತುತ್ತಿದೆ ಅವಳಿಗೆ. ನೀವು ಆ ಊರಿಗೆ ಕಾಲಿಟ್ಟಿಲ್ಲವೆಂದರೆ ಅವಳನ್ನು ಯಾಕೆ ಹೆದರಿಸಲಿ? ನಿಮ್ಮ ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡಿರುತ್ತೇನೆ.

ನೇತ್ರಾ


ಲಕ್ಷ್ಮೇಶ್ವರ
೧೩ ಆಗಸ್ಟ್ ೨೦೨೫

ನೇತ್ರವ್ವಾ,

ಹೌದು.

ಒಂದ ಮಾತು ಬರಿ ಅಂದಿ, ಬರದೆ. ಹತ್ತು ದಿನ ಹಿಡೀತು ಆ ಒಂದು ಮಾತಿಗೆ. ಉಳದದ್ದು ಓದತಿದ್ರ ಓದು, ಇಲ್ಲಾಂದ್ರ ಹರದು ಒಗಿ.

ಜುಲೈ ಎರಡಕ್ಕ ಬುಧವಾರ ಹೋಗಿದ್ದೆ. ವೀರೂಗ ಗದಗಕ್ಕ ಮಾಲು ತರಾಕ ಹೊಂಟೇನಿ ಅಂತ ಹೇಳಿ ಹೋದೆ. ಕರಕೊಂಡ ಬರಬೇಕಂತ ಹೋಗಿದ್ದೆ, ಸುಳ್ಳ್ಯಾಕ ಹೇಳ್ಲಿ. ಬರೂದಿಲ್ಲಂದ್ರ ನಾಲ್ಕು ಮಂದಿ ಮುಂದ ಜಡಿ ಹಿಡದು ಎಳಕೊಂಡರ ಬರತೇನಿ ಅಂತ ಬಸ್ಸಿನ್ಯಾಗ ಅಂದ್ಕೊಂಡ ಹೋಗಿದ್ದೆ.

ಆಕಿ ಮನಿ ಎದುರಿಗೆ ಬೇವಿನ ಗಿಡದ ಮರೀಗೆ ನಿಂತೆ. ಕಟ್ಟಿ ಮ್ಯಾಲೆ ಇಬ್ಬರೂ ಕೌದಿ ಹಾಸಿಕೊಂಡು ಕುಂತಿದ್ರು. ಆ ಸಾಬರ ಹೆಣ್ಣಮಗಳು ಏನೋ ಅಂದ್ಲು, ನಿಮ್ಮವ್ವ ನಕ್ಕಳು. ಸೆರಗು ಬಾಯಿಗಿ ಹಿಡೀಲಿಲ್ಲ, ಹಿಂದ ಮುಂದ ನೋಡಲಿಲ್ಲ, ಬಾಯಿ ತಗದು ನಕ್ಕಳು. ನಕ್ಕ ನಕ್ಕಳು. ಇಪ್ಪತ್ತಾರು ವರ್ಷದಾಗ ಆಕಿ ಹಂಗ ನಕ್ಕಿದ್ದು ನಾ ಕಂಡಿಲ್ಲ. ಮೊದಲ ಸಿಟ್ಟು ಬಂತು, ನನ್ನ ಬಿಟ್ಟು ಬಂದು ಇಲ್ಲಿ ಹಲ್ಲು ಕಿಸಿತಾಳಲ್ಲ ಅಂತ. ಆಮ್ಯಾಲೆ ಏನಾತೋ, ಕಾಲು ಮುಂದ ಹೋಗಲಿಲ್ಲ. ಅರ್ಧಾ ತಾಸು ನಿಂತು ತಿರುಗಿ ಬಂದೆ. ಆಕಿ ನೋಡಲಿಲ್ಲ. ನೋಡಿದ್ರ ಹಂಗ ನಗತಿದ್ದಿಲ್ಲ.

ಅವತ್ತಿಂದ ಆ ನಗಿ ಕಣ್ಣಾಗಿಂದ ಹೋಗವಲ್ದು. ಊಟಕ್ಕ ಕುಂತ್ರ ಅದ, ಅಂಗಡ್ಯಾಗ ಕುಂತ್ರ ಅದ. ಬಾಗಲದ ಸ್ವಿಚ್ಚು ಕಿತ್ತು ಒಗದೇನಿ. ಯಾರ ಸಲುವಾಗಿ ಕಿತ್ತೆ ಅಂತ ಕೇಳಬ್ಯಾಡ. ಕೈ ಎತ್ತಲಿಲ್ಲ, ಬಾಯಿ ಬಿಡಲಿಲ್ಲ, ಬರೇ ನಿಂತು ನೋಡಿ ಬಂದೇನಿ. ಅದೂ ತಪ್ಪಾ? ಇನ್ನ ಹೋಗೂದಿಲ್ಲ. ಆಕಿಗೆ ಹೇಳಬ್ಯಾಡ, ಅಲ್ಲೇ ಇರಲಿ.

ಕತ್ತರಸಿದ ತಂತಿ ತುದಿ ಬಯಲಿಗೆ ಬಿಟ್ಟಿದ್ರ ಟೇಪ್ ಸುತ್ತು. ಫ್ಯೂಸಿನ ಮೊದಲಿಂದು ಅದು, ಕಬ್ಬಿಣಕ್ಕ ಹತ್ತಿದ್ರ ಗಾಡಿ ಸುಡತೈತಿ. ನೀ ಅದರ ಮ್ಯಾಲೆ ಕುಂತಿರ್ತಿ.

ಅಪ್ಪ


ಡೋಣಿ
೧೮ ಆಗಸ್ಟ್ ೨೦೨೫

ಅಪ್ಪಾ,

ನಿಮ್ಮ ಕಾಗದ ಶನಿವಾರ ನನ್ನ ಚೀಲದಲ್ಲೇ ಬಂತು. ಭಾನುವಾರ ಬೆಳಿಗ್ಗೆ ಕೊರ್ಲಹಳ್ಳಿಗೆ ಹೋದೆ, ಅವ್ವನಿಗೆ ಎಲ್ಲ ಹೇಳಿಬಿಡೋಣವೆಂದು. ಕೋಣೆಗೆ ಬೀಗ ಇತ್ತು. ದಾವಲಬಿ ನನ್ನನ್ನು ಕಂಡು ಒಳಗೆ ಕರೆಯಲಿಲ್ಲ, ಹೊಸ್ತಿಲಲ್ಲೇ ನಿಂತರು.

"ಗುರುವಾರ ಹೋದ್ಲವಾ ನಿಮ್ಮವ್ವ" ಅಂದರು.

ಎಲ್ಲಿಗೆ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. "ನಿಮ್ಮಪ್ಪ ಬಂದು ಗಿಡದ ಹಿಂದ ನಿಂತಿದ್ದು ಆಕಿ ನೋಡಿದ್ಲು. ನೋಡಿದಾಕೀನ ಸೂಜಿ ಕೈಯಾಗ ಚುಚ್ಚಕೊಂಡ್ಲು, ರಕ್ತ ಕೌದಿ ಮ್ಯಾಲೆ ಬಿತ್ತು. 'ಬೂಬು, ಮಾತಾಡ್ರಿ, ಏನರೆ ಮಾತಾಡ್ರಿ, ನಾ ನಗತೇನಿ, ನಗೂದು ನಿಲ್ಲಸಿದ್ರ ನೋಡೀನಂತ ಗೊತ್ತಾಕ್ಕೈತಿ ಅಂವಗ' ಅಂದ್ಲು. ಅಂವಾ ಹೋಗೂತನಾ ನಕ್ಕಳವಾ. ಆಮ್ಯಾಲೆ ಒಳಗ ಬಂದು ವಾಂತಿ ಮಾಡಿಕೊಂಡ್ಲು."

ನಿಮ್ಮ ಕಣ್ಣಿಂದ ಹೋಗದ ಆ ನಗು ಇದು.

ಅವತ್ತೇ ಯಾಕೆ ಹೋಗಲಿಲ್ಲ, ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ದಾವಲಬಿ ಹೊಸ್ತಿಲ ಮೇಲೆ ಕೂತುಬಿಟ್ಟರು. "ನೀ ಹೇಳ್ತಿ ಅಂತ ಕಾದ್ಲವಾ. ಊರ ಹೆಸರು ಗೊತ್ತಿದ್ದದ್ದು ನಿನಗೊಬ್ಬಾಕಿಗೆ. ಬಾಯಿ ತಪ್ಪಿ ಅಂದಿದ್ರ ತಾನ ಹೇಳ್ತಾಳ, ಈ ಐತವಾರ ಹೇಳ್ತಾಳ, ಬರೂ ಐತವಾರ ಹೇಳ್ತಾಳ ಅಂತ ನಿನ್ನ ಮಾರಿ ನೋಡಕೋತ ಕುಂದ್ರತಿದ್ಲು."

ಆರು ಭಾನುವಾರ ಅಪ್ಪಾ. ಮೊದಲ ನಾಲ್ಕು ವಾರ ನನಗೆ ಏನೂ ಗೊತ್ತಿರಲಿಲ್ಲ. ಅವ್ವ ರೊಟ್ಟಿ ಬಡಿಸಿ ಎದುರಿಗೆ ಕೂತು ನೋಡುತ್ತಿದ್ದಳು, ಮಗಳ ಮೇಲಿನ ಪ್ರೀತಿ ಅಂದುಕೊಂಡೆ. ಕೊನೆಯ ಎರಡು ವಾರ ನನಗೆ ಗೊತ್ತಿತ್ತು. ನಿಮ್ಮ ಉತ್ತರಕ್ಕೆ ಕಾಯುತ್ತ ಬಾಯಿ ಮುಚ್ಚಿಕೊಂಡಿದ್ದೆ. "ಏನರೆ ಹೇಳೂದೈತೇನವಾ?" ಅಂತ ಅವ್ವ ಕೊನೆಯ ಸಲ ಬಾಯಿಬಿಟ್ಟು ಕೇಳಿದಳು. ಏನಿಲ್ಲ ಅಂದೆ. ಅವಳ ಮುಖ ನೋಡಲಾಗದೆ ತಾಟಿನಲ್ಲಿ ಕೈ ತೊಳೆದೆ. ಅವಳಿಗೆ ಅಷ್ಟು ಸಾಕಾಯಿತು.

ನಾನೇ ನಿಮಗೆ ಹೇಳಿದೆ ಅಂತ ತಿಳಿದುಕೊಂಡು ಹೋದಳು. ಪೆಟ್ಟಿಗೆಯ ವಿಷಯ ದಾವಲಬಿಗೆ ಹೇಳಿದೆ, ಕಾಲು ಹಿಡಿದು ಹೇಳಿದೆ. "ನನ್ನ ಮುಂದ ಹೇಳಿ ಏನು ಮಾಡೂದವಾ, ಆಕಿ ಮುಂದ ಹೇಳಬೇಕಿತ್ತು" ಅಂದರು. ಅವ್ವ ಹೇಳಿ ಹೋದ ಮಾತು ಇಷ್ಟೇ: ನೇತ್ರಾ ಬಂದರೆ ಉಣ್ಣಾಕ ಹಾಕ್ರಿ, ಸಿಟ್ಟಿಲ್ಲಂತ ಹೇಳ್ರಿ. ಎಲ್ಲಿಗೆ ಹೋಗುತ್ತೇನೆಂದು ದಾವಲಬಿಗೂ ಹೇಳಲಿಲ್ಲ.

ನಾನು ಉಣ್ಣಲಿಲ್ಲ. ಗಾಡಿ ಮುಂಡರಗಿ ಸ್ಟ್ಯಾಂಡಿನಲ್ಲಿ ಬಿಟ್ಟಿದ್ದೇನೆ, ವೀರೂ ಬಂದು ಒಯ್ಯಲಿ. ತಂತಿಯ ತುದಿಗೆ ಟೇಪು ಸುತ್ತಿದ್ದೇನೆ. ಬರೇ ನಿಂತು ನೋಡಿ ಬಂದದ್ದೂ ತಪ್ಪಾ ಅಂತ ಕೇಳಿದಿರಲ್ಲ, ಅದಕ್ಕೆ ನಾನು ಉತ್ತರ ಬರೆಯುವುದಿಲ್ಲ, ನಿಮಗೆ ಗೊತ್ತಾಗದಿದ್ದರೆ ಬರೆದೂ ಪ್ರಯೋಜನವಿಲ್ಲ.

ಹದಿನಾರು ತಿಂಗಳು ನೀವು, ವೀರೂ, ಓಣಿಯ ಮಂದಿ, ಎಲ್ಲರೂ ನನ್ನನ್ನು ಒಂದೇ ಮಾತು ಕೇಳಿದಿರಿ. ಗೊತ್ತಿದ್ದೂ ಹೇಳುವುದಿಲ್ಲ ಅಂದೆ. ಇನ್ನು ಯಾರು ಬೇಕಾದರೂ ಕೇಳಿ. ಅವ್ವ ಎಲ್ಲಿದ್ದಾಳೆ ಅಂತ ನನಗೆ ಗೊತ್ತಿಲ್ಲ.

ನೇತ್ರಾ